ಕಿವಿ ಪರೀಕ್ಷೆಯ ಕೋಣೆಗೊಂದು ಜಿಪ್ಸಮ್ ಗೋಡೆ

ಹದಿನೆಂಟು ವರ್ಷ ಬೇರೆಯವರ ಆಸ್ಪತ್ರೆಗಳಲ್ಲಿ ಜನರ ಕಿವಿ ಪರೀಕ್ಷಿಸಿದ ಮೇಲೆ, ನನ್ನದೇ ಒಂದು ಕ್ಲಿನಿಕ್ ಇರಲಿ ಎಂದು ನವನಗರದಲ್ಲಿ ಒಂದು ಮನೆಯ ಕೆಳಮಹಡಿಯನ್ನು ಬಾಡಿಗೆಗೆ ಹಿಡಿದೆ. ಇದ್ದದ್ದು ಉದ್ದನೆಯ ಒಂದೇ ಹಾಲ್. ಅದರ ಮೂಲೆಯಲ್ಲಿ ಸದ್ದು ಬಾರದ ಸಣ್ಣ ಕೋಣೆ ಬೇಕಿತ್ತು. ಇಟ್ಟಿಗೆ ಗೋಡೆಗೆ ಮಾಲಕರು ಒಪ್ಪಲಿಲ್ಲ. "ಬಿಟ್ಟು ಹೋಗೂಮುಂದ ಗ್ವಾಡಿನೂ ತಗೊಂಡ್ ಹೋಗ್ತೀರೇನ್ರಿ?" ಎಂದರು. ಹೀಗಾಗಿ ಜಿಪ್ಸಮ್ ಬೋರ್ಡೇ ಗತಿಯಾಯಿತು: ತಗಡಿನ ಚೌಕಟ್ಟು ನಿಲ್ಲಿಸಿ, ಎರಡೂ ಬದಿಗೆ ಹಲಗೆ ಬಿಗಿದು, ಸಂದಿಗೆ ಪಟ್ಟಿ ಅಂಟಿಸಿ ಬಣ್ಣ ಬಳಿಯುವ ಗೋಡೆ.

ಮೂವರನ್ನು ವಿಚಾರಿಸಿದೆ. ಮೊದಲಿನವ ಜಾಗ ನೋಡದೆ ಫೋನಿನಲ್ಲೇ "ಆಗ್ತೈತ್ರಿ" ಎಂದ. ಎರಡನೆಯವನ ಕಣ್ಣು ಗೋಡೆಗಿಂತ ಛಾವಣಿಯ ಮೇಲೆ. ಅಲ್ಲಿ ನೀಲಿ ದೀಪದ ಹೂವು ಅರಳಿಸುತ್ತೇನೆಂದು ಹಟ ಹಿಡಿದ. ಮೂರನೆಯವರು ಹುಬ್ಬಳ್ಳಿಯ ಮಿಸ್ತ್ರಿ, ಐವತ್ತು ದಾಟಿದವರು. ಬಂದವರೇ ಎಲ್ಲ ಅಳೆದು, ಗೋಡೆಯ ಬುಡದಲ್ಲಿ ಪಸೆ ಇದೆಯೇ ಎಂದು ಅಂಗೈ ಇಟ್ಟು ನೋಡಿದರು. ಅವರೇ ಸೈ ಎಂದುಕೊಂಡೆ.

"ಸಂದ್ಯಾಗ ಬಿರುಕು ಬಿಡ್ತದೇನ್ರಿ?" ಎಂದು ಕೇಳಿದೆ.

"ಶುಕ್ರವಾರ ಒಂದ್ ದಿನಾ ಬಿಡ್ತೇವ್ರಿ."

"ಮೊಳಿ ಹೊಡದ್ರ ನಿಂದರ್ತದೇನ್ರಿ?"

"ಮಳಿ ಹೊಡದ್ರೂ ನಿಂದರಂಗಿಲ್ರಿ. ಕೆಲಸಕ್ಕ ಬಂದ ಬರ್ತೇವಿ."

ಗುತ್ತಿಗೆದಾರರಿಗೆ ಕೇಳಿದ್ದೊಂದು, ಅವರು ಹೇಳುವುದೊಂದು. ಇದೇನು ಹೊಸದೇ ಎಂದು ಸುಮ್ಮನಾದೆ. ಕಿವಿಯಿಂದಲೇ ಅನ್ನ ತಿನ್ನುವ ನನಗೆ ಆಗಲೂ ಏನೂ ಹೊಳೆಯಲಿಲ್ಲ.

"ಕಿಟಕಿ ಬ್ಯಾಡ್ರಿ" ಎಂದು ಎರಡು ಸಲ ಹೇಳಿದ್ದೆ. ಮೂರನೆಯ ದಿನ ಹೋಗಿ ನೋಡಿದರೆ, ಹೊರಗಿನ ಬೆಂಚಿಗೆ ಎದುರಾಗಿ ಚೌಕಾಕಾರದ ಚೆಂದದ ಕಿಟಕಿ.

"ಕಿಟಕಿ ಯಾಕ್ರಿ ಇದು?"

"ನೀವ ಬೇಕಂದ್ರೆಲ್ಲರಿ. ಎರಡ್ ಸಲ ಅಂದ್ರಿ," ಎಂದು ಸಂತೃಪ್ತಿಯಿಂದ ನಕ್ಕರು. ಕೈಸನ್ನೆ ಮಾಡಿ ಮುಚ್ಚಲು ಹೇಳಿದೆ. ಬೇಸರವಿಲ್ಲದೆ ಹಿಂದೆ ಅಡ್ಡಪಟ್ಟಿ ಕೊಟ್ಟು, ಅಳತೆಯ ತುಂಡು ಕೂರಿಸಿ, ಪುಟ್ಟಿ ಬಳಿದು ಉಜ್ಜಿದರು. ಎರಡು ದಿನದಲ್ಲಿ ಅಲ್ಲಿ ಕಿಟಕಿ ಇತ್ತೆಂದರೆ ಯಾರೂ ನಂಬುವಂತಿರಲಿಲ್ಲ.

ಕೆಲಸ ಮುಗಿದ ದಿನ ಅವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ ಚಪ್ಪಾಳೆ ತಟ್ಟಿದೆ, ಸ್ಟೀಲ್ ತಟ್ಟೆ ಬೀಳಿಸಿದೆ. ಹೊರಬಂದು, "ಒಂದೀಟೂ ಸಪ್ಪಳ ಇಲ್ರಿ. ಗೋರಿ ಇದ್ದಂಗ ಐತಿ," ಎಂದರು.

ಆಮೇಲೆ ನಾನು ಒಳಗೆ ಹೋಗಿ ಕುಳಿತೆ. ಬೀದಿಯಲ್ಲಿ ಸೊಪ್ಪಿನವಳು ಮೆಂತ್ಯದ ಸೂಡಿಗೆ ಎಷ್ಟೆಂದು ಕೂಗುತ್ತಿದ್ದುದು ಕೇಳಿಸಿತು. ಮೇಲಿನ ಮನೆಯ ಮಾಲಕರು ಫೋನಿನಲ್ಲಿ ನನ್ನ ಬಗ್ಗೆಯೇ ಮಾತಾಡುತ್ತಿದ್ದುದೂ ಕೇಳಿಸಿತು. ಸಿಟ್ಟಿನಿಂದ ಹೊರಬಂದು "ಮಿಸ್ತ್ರಿ" ಎಂದು ಕರೆದೆ. ನಾಲ್ಕು ಹೆಜ್ಜೆ ದೂರದಲ್ಲಿ ಬೆನ್ನು ಮಾಡಿ ಸಾಮಾನು ಜೋಡಿಸುತ್ತಿದ್ದವರು ತಿರುಗಲಿಲ್ಲ. ಮತ್ತೆ ಕರೆದೆ. ಊಹೂಂ. ಆಗ ನನ್ನ ತಲೆಗೆ ಬೆಳಕು ಹೊಕ್ಕಿತು.

"ನನ್ನ ಮಷೀನ್ ಪರೀಕ್ಷಾ ಮಾಡೋದದ, ಕೂಡ್ರಿ ಒಂದೀಟು," ಎಂದು ಎದುರು ನಿಂತು ಸುಳ್ಳು ಹೇಳಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ಒತ್ತಲು ಕೈಗೆ ಬಟನ್ ಕೊಟ್ಟೆ. ದಪ್ಪ ಸದ್ದಿಗೆ ಒತ್ತಿದರು. ಸಣ್ಣ ಕೀರಲು ಸದ್ದುಗಳಿಗೆ ಬೆರಳು ಅಲುಗಲೇ ಇಲ್ಲ.

"ಮಷೀನ್ ಕೆಟ್ಟಂಗ ಐತ್ರಿ," ಎಂದರು.

ಕೇಳಿದ್ದು, ಕೇಳದ್ದು ಗುರುತಿಸಿ ಗೆರೆ ಎಳೆದ ಕಾಗದ ತೋರಿಸಿದೆ. ಮನೆಯ ನಕ್ಷೆ ನೋಡುವಂತೆ ನೋಡಿ, "ಈ ಕಡೆ ಇಳಿಜಾರ ಆಗೇತಲ್ರಿ," ಎಂದರು.

"ಅದ ನಿಮ್ಮ ಕಿವಿರಿ. ತಗಡು ಕೊಯ್ಯೂ ಸಪ್ಪಳ ಮಾಡಿದ್ದು."

ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ, "ನಮ್ಮಾಕಿ ಬಾಯಾಗ ಗುಣಗುಣ ಮಾಡ್ತಾಳ ಅನ್ಕೊಂಡಿದ್ನಿ. ಎಷ್ಟ್ ಸಲ ಬೈದೇನಿ ಆಕಿನ್ನ," ಎಂದರು. ನನಗೆ ನಾಚಿಕೆಯಾಯಿತು, ಎರಡು ವಾರ ಅವರೊಂದಿಗೆ ಮಾತಾಡಿಯೂ ಗುರುತಿಸದವಳು ನಾನು.

ಪ್ರಯೋಗಕ್ಕೆಂದು ಒಂದು ಜೊತೆ ಶ್ರವಣಯಂತ್ರ ಹಾಕಿದೆ. ಮೊದಲು ಅವರು ಮಾಡಿದ ಕೆಲಸವೆಂದರೆ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡದ್ದು. ಹೊರಬಂದಾಗ ಮುಖ ಗಂಟಾಗಿತ್ತು.

"ಮ್ಯಾಡಮ್ಮರ, ಈ ಗ್ವಾಡಿ ಯಾವ ಮಂಗ್ಯಾ ಮಾಡ್ಯಾನ್ರಿ?"

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೇ ಮೊದಲು ನಕ್ಕರು.

ಮರುದಿನ ಒಂದು ಬದಿಯ ಹಲಗೆ ಬಿಚ್ಚಿ, ಒಳಗೆ ಸದ್ದು ಹೀರುವ ರಾಕ್‌ವುಲ್ ಹಾಸಿಗೆ ತುಂಬಿ, ಮೇಲೆ ಎರಡು ಪದರ ಬಿಗಿದರು. ಕಿವಿ ಗೋಡೆಗೆ ಹಚ್ಚಿ ಸುತ್ತ ನಡೆಯುತ್ತ, ಸ್ವಿಚ್ ಪೆಟ್ಟಿಗೆಯ ಹತ್ತಿರ ನಿಂತು, "ಇಲ್ಲೊಬ್ಬ ಕಳ್ಳ ಅದಾನ್ರಿ," ಎಂದು ಸದ್ದು ನುಸುಳುವ ಸಂದಿಗೆ ರಬ್ಬರ್ ತುರುಕಿದರು. ಇನ್ನೊಬ್ಬ ಬಾಗಿಲಿನ ಕೆಳಗೆ ಸಿಕ್ಕ.

ಕ್ಲಿನಿಕ್ ಶುರುವಾದ ಎರಡನೇ ವಾರ ಮಿಸ್ತ್ರಿ, ಗ್ರಾನೈಟ್ ಕೊಯ್ದು ಮುದುಕರಾದ ತಮ್ಮ ಗೆಳೆಯರೊಬ್ಬರನ್ನು ಕರೆತಂದು, ಬೇಡವೆಂದರೂ ಜೊತೆಗೇ ಒಳಗೆ ಕುಳಿತರು. ಆ ಹಿರಿಯರು ಸದ್ದಿದ್ದರೂ ಇರದಿದ್ದರೂ ಬಟನ್ ಒತ್ತುತ್ತಲೇ ಇದ್ದರು.

"ಕಾಕಾ, ಕೇಳದನ ಒತ್ತಬ್ಯಾಡ," ಮಿಸ್ತ್ರಿ ಗದರಿದರು. "ಇದು ಪಾಸಾಗೂ ಪರೀಕ್ಷಾ ಅಲ್ಲ."

ಮಿಸ್ತ್ರಿಯನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಮೊದಲಿನಿಂದ ಶುರು ಮಾಡಿದೆ.