ನಿದ್ದೆಯಲ್ಲಿ ದಾಟಿದ ಹೊಸ್ತಿಲು

ಆಗಿನ ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಕನ್ನಡದವರ ಮನೆ ಯಾವುದು, ತಮಿಳರ ಮನೆ ಯಾವುದು ಎಂದು ಬಾಗಿಲು ನೋಡಿ ಹೇಳಲು ಬರುತ್ತಿರಲಿಲ್ಲ. ಎಲ್ಲಕ್ಕೂ ಒಂದೇ ಸುಣ್ಣ, ಒಂದೇ ಕಿಟಕಿ, ಒಂದೇ ಥರ ಸೋರುವ ನಲ್ಲಿ. ಒಗ್ಗರಣೆಯ ವಾಸನೆ ಎದ್ದಾಗಲೇ ಗೊತ್ತಾಗಬೇಕು. ನಮ್ಮ ಹಿಂಬಾಗಿಲಿನ ಪಕ್ಕದಲ್ಲೇ ಪಾಟಿಯ ಹಿಂಬಾಗಿಲು. ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಅವರ ಮಗ ಆರ್ಮುಗಂ ಮಾಮ ಕಾರ್ಖಾನೆಯಲ್ಲಿ ಅಪ್ಪನ ಜೊತೆಗಾರ. ಕ್ವಾರ್ಟರ್ಸ್‌ನಲ್ಲಿ ಬೆಳೆದ ಯಾರನ್ನು ಬೇಕಾದರೂ ಕೇಳಿ, ಇಂಥ ಒಬ್ಬ ಪಾಟಿ ಅವರಿಗೂ ಇದ್ದೇ ಇರುತ್ತಾರೆ.

ಅಮ್ಮ ಟೀಚರ್. ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಲೇ ಬಸ್ಸಿಗೆ ಓಡುವವಳು. ನಾನು ಶಾಲೆಗೆ ಹೋಗುತ್ತಿದ್ದೆ. ಉಳಿದವನು ನನ್ನ ತಮ್ಮ ಕಿಟ್ಟ, ಇನ್ನೂ ಶಾಲೆಗೆ ಸೇರದ ಪೋರ. ಅವನನ್ನು ಹೆತ್ತದ್ದು ಅಮ್ಮನಾದರೂ ಸಾಕಿದ್ದು ಪಾಟಿಯೇ. ಅವರು ಮಿದ್ದು ಉಂಡೆ ಮಾಡಿ ಕೊಟ್ಟ ಮೊಸರನ್ನವನ್ನು, ನಮ್ಮನೆಯ ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ತಿನ್ನುತ್ತಿದ್ದ. ಅದೇ ಅಕ್ಕಿ, ಅದೇ ಮೊಸರು ಹಾಕಿ ಅಮ್ಮ ಕಲೆಸಿದರೆ ಮಾತ್ರ ಬಾಯಿ ಬಿಗಿ ಹಿಡಿಯುತ್ತಿದ್ದ. 'ಪಾಟಿ, ಇನ್ನೊಂದು ವಾಯ್ ಕೊಡು' ಎಂದು ಎರಡು ಭಾಷೆ ಕಲೆಸಿ ತುತ್ತು ಕೇಳುತ್ತಿದ್ದ. ನಾವು ಹುಡುಗಿಯರು ಹಿತ್ತಲಲ್ಲಿ ಕುಂಟಾಬಿಲ್ಲೆ ಆಡುವಾಗ ಅವನೂ ಮಧ್ಯೆ ನುಗ್ಗಿ ಗೆರೆ ಅಳಿಸಿ, ನನ್ನಿಂದ ಗುದ್ದು ತಿಂದು ಪಾಟಿಯ ಸೀರೆಯೊಳಗೆ ಸೇರಿಕೊಳ್ಳುತ್ತಿದ್ದ.

ಮಧ್ಯಾಹ್ನ ಕಾರ್ಖಾನೆಯ ಸೈರನ್ ಕೂಗಿದ ಮೇಲೆ ಅವನ ನಿದ್ದೆ. ಪಾಟಿ ಗೋಡೆಗೆ ಒರಗಿ ಕಾಲು ನೀಡಿ ಕೂರುವರು. ಇವನು ಅವರ ಕಾಲ ಮೇಲೆ ಉದ್ದಕ್ಕೆ ಮಲಗುವನು. ಅವರ ಸೀರೆಗೆ ಸೀಮೆಎಣ್ಣೆ, ಎಲೆಅಡಿಕೆ, ಹುರಿದ ಕಡಲೆಯ ವಾಸನೆ. ಬೆನ್ನು ತಟ್ಟುತ್ತಾ ಏನೋ ಗುನುಗುವರು, ನೋಡನೋಡುತ್ತಿದ್ದಂತೆ ಇವನು ನಿದ್ದೆಹೋಗುವನು. ನಮ್ಮಮ್ಮ ಎಷ್ಟು ತಟ್ಟಿದರೂ ಬಾರದ ನಿದ್ದೆ ಅದು, ಅಮ್ಮನಿಗೆ ಆ ಹೊಟ್ಟೆಕಿಚ್ಚು ಒಳಗೊಳಗೇ ಇತ್ತು.

ಆ ವರ್ಷ ಅಮ್ಮನಿಗೆ ಶಿವಮೊಗ್ಗದ ಶಾಲೆಗೆ ವರ್ಗವಾಯಿತು. ರಾಗಿಗುಡ್ಡದ ಕಡೆ ಅಪ್ಪ ಕಟ್ಟಿಸುತ್ತಿದ್ದ ಮನೆಗೆ ಬಾಗಿಲು ಕೂತಿತ್ತು, ಬಣ್ಣ ಬಾಕಿ. ಆಷಾಢ ಹಿಡಿಯುವುದರೊಳಗೆ ಹೋಗಿಬಿಡಬೇಕು ಎಂದು ಅಮ್ಮ ಹಟ ಹಿಡಿದಳು. ಪುರೋಹಿತರು ಗೋಧೂಳಿಗೆ ಹಾಲುಕ್ಕಿಸಿ ಎಂದು ಹೊತ್ತು ಕೊಟ್ಟರು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನಮ್ಮ ದೊಡ್ಡಮ್ಮ ಬಂದು ಹೊಸದೊಂದು ಶಾಸ್ತ್ರ ಹೇಳಿದರು, ಅಳುವ ಮಗುವನ್ನು ಎತ್ತಿಕೊಂಡು ಹೊಸ ಮನೆಯ ಹೊಸ್ತಿಲು ದಾಟಬಾರದಂತೆ.

'ಏನ್ ಮಾರಾಯ್ತಿ, ಪಾಟೀನ ಬಿಟ್ಟು ಬರೋವಾಗ ಅದು ಅಳ್ದೆ ನಗುತ್ತಾ?' ಎಂದರು ಅಪ್ಪ.

'ಅದಕ್ಕೇ ಹೇಳ್ತಿರೋದು. ನಿದ್ದೇಲೇ ಕರ್ಕೊಂಡು ಹೋಗ್ಬಿಡೋಣ' ಎಂದಳು ಅಮ್ಮ.

ನಿದ್ದೆ ಮಾಡಿಸುವವರು ಯಾರು? ಅಮ್ಮ ಹಿಂಬಾಗಿಲಿಗೆ ಹೋಗಿ ಪಾಟಿಯನ್ನೇ ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ. ಪಾಟಿ ಕಡಲೆ ಕೇರುತ್ತಿದ್ದವರು ಮೊರ ಕೆಳಗಿಟ್ಟರು. 'ನಾನೇ ಮಲಗಿಸ್ಬೇಕಾ ಟೀಚರಮ್ಮಾ?' ಎಂದರು. ಆಮೇಲೆ 'ಸರಿ, ಒಳ್ಳೇ ಕೆಲ್ಸಕ್ಕೆ ಮಗು ಅಳ್ಬಾರ್ದು' ಎಂದು ಮತ್ತೆ ಮೊರ ಎತ್ತಿಕೊಂಡರು.

ಹೊರಡುವ ದಿನ ಸಾಮಾನೆಲ್ಲ ಲಾರಿಗೆ ಏರಿ ಮನೆ ಖಾಲಿಯಾಯಿತು, ಮಾತಾಡಿದರೆ ಗೋಡೆಗಳು ತಿರುಗಿ ಮಾತಾಡುತ್ತಿದ್ದವು. ಕಿಟ್ಟನಿಗೆ ಅದೇ ಆಟ. ಕೋಣೆಯಿಂದ ಕೋಣೆಗೆ ಕೂಗುತ್ತಾ ಓಡಿದ. ಕೊನೆಗೆ ಸುಸ್ತಾಗಿ ಪಾಟಿಯ ಕಾಲ ಮೇಲೆ ಬಂದು ಬಿದ್ದ.

'ಪಾಟಿ, ನೀನೂ ಲಾರಿಲಿ ಬರ್ತೀಯಾ?'

'ಮೊದ್ಲು ತೂಂಗು ಕಣ್ಣಾ, ನಿದ್ದೆ ಮಾಡು. ಎದ್ಮೇಲೆ ನೋಡೋಣ.'

ತಟ್ಟುವ ಕೈ ಆವತ್ತು ತುಂಬ ನಿಧಾನವಾಗಿತ್ತು. ಅವನು ನಿದ್ದೆಹೋದ ಮೇಲೂ ತಟ್ಟುತ್ತಲೇ ಇದ್ದರು. ಲಾರಿಯವನು ಹಾರ್ನ್ ಹೊಡೆದ. ಅಮ್ಮ ಬಗ್ಗಿ ಮಗುವನ್ನು ಎತ್ತಿಕೊಂಡಳು. ಪಾಟಿ ಮಾತ್ರ ನೀಡಿದ ಕಾಲು ಹಾಗೇ ಇಟ್ಟುಕೊಂಡು ಕೂತಿದ್ದರು. 'ಕಾಲು ಜೋಮು ಹಿಡ್ದಿದೆ, ಏಳಕ್ಕಾಗಲ್ಲ. ನೀವು ಹೊರಡಿ, ಹೊತ್ತಾಗುತ್ತೆ' ಎಂದರು. ನಾನು ಹೋಗಿಬರ್ತೀನಿ ಎಂದು ಕಾಲು ಮುಟ್ಟಿದೆ. ತಲೆ ಸವರಿದರು, ಮುಖ ಎತ್ತಲಿಲ್ಲ.

ಎಲ್ಲವೂ ಅಮ್ಮ ಅಂದುಕೊಂಡಂತೆಯೇ ಆಯಿತು. ಕಿಟ್ಟ ಅಮ್ಮನ ಹೆಗಲ ಮೇಲೆ ಜೊಲ್ಲು ಸುರಿಸುತ್ತಾ ಹೊಸ್ತಿಲು ದಾಟಿದ. ಹಾಲು ಪೂರ್ವಕ್ಕೇ ಉಕ್ಕಿತು. 'ನೋಡಿದ್ಯಾ, ಒಂದು ಹನಿ ಕಣ್ಣೀರಿಲ್ಲ' ಎಂದು ದೊಡ್ಡಮ್ಮ ಬೀಗಿದರು. ಸಿಮೆಂಟಿನ ಹಸಿ ವಾಸನೆಯ ಜೊತೆ ಸೀದ ಹಾಲಿನ ವಾಸನೆ ಮನೆಯೆಲ್ಲ ಹರಡಿತು.

ಕಿಟ್ಟ ಎದ್ದ. ಅಳುತ್ತಾನೆ ಎಂದು ಎಲ್ಲರೂ ಬೆಲ್ಲದಚ್ಚು, ಬಿಸ್ಕತ್ತು ಹಿಡಿದು ಸಿದ್ಧವಾಗಿದ್ದರೆ ಅವನು ಅಳಲೇ ಇಲ್ಲ. ಚಾಪೆ ಬಿಟ್ಟು ಒಂದೊಂದೇ ಕೋಣೆ ನೋಡಿದ. ನೇರ ಹಿಂಬಾಗಿಲಿಗೆ ಹೋಗಿ ಚಿಲಕ ತೆಗೆ ಎಂದ. ತೆಗೆದೆ. ಹೊರಗೆ ಮುಳ್ಳು ಬೆಳೆದ ಖಾಲಿ ಸೈಟು, ಅದರಾಚೆ ಗುಡ್ಡ. ಅಲ್ಲೇ ನಿಂತು ಪಾಟಿ ಬಾಗಿಲು ಹುಡುಕಿದ. 'ಪಾಟಿ ಮನೆ ಎಲ್ಲಿ ಹೋಯ್ತಕ್ಕಾ?' ಎಂದ. ನಾನು ಬಿಸ್ಕತ್ತು ಕೊಟ್ಟೆ.

ಅಂದಿನಿಂದ ಹಗಲು ಅವನನ್ನು ಮಲಗಿಸಲು ಯಾರ ಕೈಲೂ ಆಗಲಿಲ್ಲ. ತೂಕಡಿಸಿ ತೂಕಡಿಸಿ ಕುರ್ಚಿಯಲ್ಲಿ ಕೂತಲ್ಲೇ ಕತ್ತು ವಾಲಿಸುವನು, ಮುಟ್ಟಿದರೆ ಬೆಚ್ಚಿಬಿದ್ದು ಎದ್ದುಬಿಡುವನು. ಜಾಗ ಹೊಸದು, ಸರಿಹೋಗುತ್ತಾನೆ ಬಿಡು ಎಂದು ಅಮ್ಮ ತಳ್ಳಿಹಾಕಿದಳು. ಪಾಟಿಯ ಹೆಸರನ್ನೂ ಅವನು ಎತ್ತುತ್ತಿರಲಿಲ್ಲ. ಹೊಂದಿಕೊಂಡ ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು.

ಶ್ರಾವಣ ಬಂತು. ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಪಾಟಿ! ಒಬ್ಬರೇ ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ಬಂದಿದ್ದರು. ಕೈಯಲ್ಲಿ ಮೊಸರನ್ನದ ಡಬ್ಬಿ. ಕುರ್ಚಿ ಬೇಡವೆಂದು ನೆಲದ ಮೇಲೆಯೇ ಗೋಡೆಗೆ ಒರಗಿ, ಕಾಲು ನೀಡಿ ಕೂತು ತೊಡೆ ತಟ್ಟಿದರು. 'ವಾ ಕಣ್ಣಾ, ಬಾ. ಪಾಟಿ ಬಂದಿದೀನಿ ನೋಡು.'

ಕಿಟ್ಟ ಪರದೆ ಹಿಡಿದು ನಿಂತಿದ್ದ. ಅವರ ಮುಖ ನೋಡಿದ, ಡಬ್ಬಿ ನೋಡಿದ, ನೀಡಿದ ಕಾಲು ನೋಡಿದ. ಸರ್ರನೆ ಒಳಗೆ ಓಡಿ ಮಂಚದ ಕೆಳಗೆ ಸೇರಿಕೊಂಡ. ನಾನು ಕಾಲು ಹಿಡಿದು ಎಳೆದರೆ ಒದ್ದ. ಅಮ್ಮ ಬೈದಳು, ರಮಿಸಿದಳು, 'ಥೂ, ನಾಚಿಕೆ ಇಲ್ಲದೋನೆ, ನಿನ್ನ ಸಾಕಿದೋರು ಕಣೋ' ಎಂದು ಗದರಿದಳು. ಊಹೂಂ, ಜಪ್ಪಯ್ಯ ಎಂದರೂ ಬರಲಿಲ್ಲ.

'ಬಿಡಿ ಟೀಚರಮ್ಮಾ, ಬಯ್ಯಬೇಡಿ' ಎಂದರು ಪಾಟಿ. 'ಮಗು ಮರ್ತ್‌ಬಿಟ್ಟಿದೆ. ಚಿಕ್ಕದಲ್ವಾ. ಮರ್ತ್ರೇ ಒಳ್ಳೇದು, ಅಳಲ್ಲ.' ನಕ್ಕರು ಕೂಡ. ಊಟ ಮಾಡಿ ಎಂದರೂ ನಿಲ್ಲದೆ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದುಬಿಟ್ಟರು. ನಾನೇ ಬಸ್‌ಸ್ಟಾಪಿನವರೆಗೆ ಹೋಗಿ ಹತ್ತಿಸಿ ಬಂದೆ. ದಾರಿಯುದ್ದಕ್ಕೂ ನನ್ನ ಓದು, ನನ್ನ ಜಡೆ, ನಮ್ಮ ನಲ್ಲಿಯ ನೀರು, ಎಲ್ಲ ವಿಚಾರಿಸಿದರು. ಅವನ ಮಾತು ಮಾತ್ರ ಎತ್ತಲಿಲ್ಲ.

ವಾಪಸ್ಸು ಬಂದರೆ ಕಿಟ್ಟ ಮಂಚದ ಕೆಳಗಿಂದ ತಲೆ ಹೊರಗೆ ಹಾಕಿದ. 'ಪಾಟಿ ಹೋದ್ಲಾ?'

'ಹೂಂ. ಯಾಕೋ ಹೋಗ್ಲಿಲ್ಲ ಅವರ ಹತ್ರ?'

'ಹೋದ್ರೆ ಮಲಗಿಸ್ತಾಳೆ' ಎಂದ. 'ಎದ್ರೆ ಬೇರೆ ಮನೆ ಇರುತ್ತೆ. ನೀವ್ಯಾರೂ ಇರಲ್ಲ.'

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಮ್ಮ ಒಳಗೆ ಬಂದಳು. ಡಬ್ಬಿ ತೆರೆದು ಅವನಿಗೆ ಕೊಟ್ಟಳು. ಅಷ್ಟನ್ನೂ ಅವನೊಬ್ಬನೇ ತಿಂದು ಮುಗಿಸಿದ, ಅಮ್ಮ ನೋಡುತ್ತಾ ಅತ್ತಳು.

ಒಂದು ಗಂಟೆಯೂ ಹಿಡಿಯದ ದಾರಿ ಅದು. ಆವತ್ತೇ ಮುಂದಿನ ಬಸ್ಸಿಗೆ ಓಡಬೇಕಿತ್ತು. ಅಪ್ಪ ದಿನಾ ಕಾರ್ಖಾನೆಗೆ ಹೋಗುತ್ತಿದ್ದರಲ್ಲ, ಅವರ ಹತ್ತಿರ ಹೇಳಿ ಕಳಿಸಬಹುದಿತ್ತು. ಅಮ್ಮ ಒಪ್ಪಲಿಲ್ಲ. 'ಇಂಥ ಮಾತು ಗಂಡಸ್ರ ಬಾಯಲ್ಲಿ ಹೇಳಿ ಕಳಿಸೋದಲ್ಲ. ನಾನೇ ಕರ್ಕೊಂಡು ಹೋಗಿ ಅವರ ಮಡಿಲಲ್ಲೇ ಕೂರಿಸ್ತೀನಿ' ಎಂದಳು. ಮನಸ್ಸು ಒಳ್ಳೆಯದೇ. ಆದರೆ ಒಂದು ಭಾನುವಾರ ಗೌರಿಹಬ್ಬದ ತಯಾರಿ, ಇನ್ನೊಂದು ಭಾನುವಾರ ನೆಂಟರು, ಮತ್ತೊಂದಕ್ಕೆ ನನಗೆ ಜ್ವರ. ಬರುವ ವಾರ, ಬರುವ ವಾರ ಎಂದು ದಸರಾ ಕಳೆಯಿತು. ಒಂದು ಸಂಜೆ ಅಪ್ಪ ಚಪ್ಪಲಿ ಬಿಡುತ್ತಾ, 'ಆರ್ಮುಗಂ ಕೆಲ್ಸ ಬಿಟ್ಟ ಕಣೆ. ಸಂಸಾರ ಸಮೇತ ಸೇಲಂ ಕಡೆ ಊರಿಗೆ ಹೊರಟೋದ್ರು, ಪಾಟೀನೂ' ಎಂದರು. ಯಾವ ಊರು ಎಂದು ಅಪ್ಪ ಕೇಳಿಕೊಂಡಿರಲಿಲ್ಲ. ಅಮ್ಮ ಅಪ್ಪನ ಮೇಲೆ ಹರಿಹಾಯ್ದಳು. ಆ ಸಿಟ್ಟು ಯಾರ ಮೇಲಿನದು ಎಂದು ನಮಗೆಲ್ಲ ಗೊತ್ತಿತ್ತು.

ಈಗ ಆ ಕ್ವಾರ್ಟರ್ಸ್ ಸಾಲಿನಲ್ಲಿ ಅರ್ಧ ಮನೆಗಳಿಗೆ ಬೀಗ, ಹಿತ್ತಲಲ್ಲಿ ಆಳೆತ್ತರ ಲಾಂಟಾನ ಪೊದೆ. ಅಮ್ಮನಿಗೆ ವಯಸ್ಸಾಗಿದೆ, ಪಾಟಿಯ ಮಾತು ಬಂದರೆ ಇವತ್ತಿಗೂ ಎದ್ದು ಒಳಗೆ ಹೋಗುತ್ತಾಳೆ. ಮೊನ್ನೆ ಕಿಟ್ಟ ರವೀಂದ್ರನಗರದಲ್ಲಿ ಮನೆ ಕೊಂಡು, ಹೆಂಡತಿ ಮಗಳ ಜೊತೆ ಅಲ್ಲಿಗೆ ಹೋದ. ಮಗಳನ್ನು ಮುಂಚಿನಿಂದಲೇ ಕರೆದುಕೊಂಡು ಹೋಗಿ ಅವಳ ಕೋಣೆ ತೋರಿಸಿ, ಬಣ್ಣವನ್ನೂ ಅವಳನ್ನೇ ಕೇಳಿ ಹೊಡೆಸಿದ್ದ. ಅಪ್ಪ ಅಂದರೆ ಹೀಗಿರಬೇಕು ಎನಿಸಿತು. ಹಾಲುಕ್ಕಿಸಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದು ಕೇಳಿಯೇಬಿಟ್ಟೆ, 'ಕಿಟ್ಟಾ, ಭದ್ರಾವತಿ ಪಾಟಿ ನೆನಪಿದಾರೇನೋ?'

ಅವನು ಪ್ರಾಮಾಣಿಕವಾಗಿ ಯೋಚಿಸಿದ. 'ಪಾಟಿನಾ? ಯಾರಕ್ಕಾ ಅದು, ನಮ್ಮ ಹಳೇ ಮನೆ ಓನರ್ರಾ?' ಎಂದ.

ಮಗು ತನ್ನನ್ನು ಮರೆತಿದೆ ಎಂದುಕೊಂಡೇ ಪಾಟಿ ಆವತ್ತು ಬಸ್ಸು ಹತ್ತಿದ್ದರು. ಆವತ್ತು ಅದು ಸುಳ್ಳಾಗಿತ್ತು, ಮುಂದಿನ ಬಸ್ಸಿಗೆ ಹೋಗಿ ಹೇಳಿದ್ದರೆ ಸಾಕಿತ್ತು. ಈಗ ಅವರು ಎಲ್ಲಾದರೂ ಸಿಕ್ಕರೂ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಅದು ನಿಜವೇ ಆಗಿಹೋಗಿದೆ.