ಹದಿನಾಲ್ಕನೇ ಕಾರು

ಎಪ್ಪತ್ತರ ದಶಕ ಮುಗಿಯಲು ಇನ್ನೂ ಒಂದೆರಡು ವರ್ಷಗಳಿದ್ದವು. ನನಗಾಗ ಇಪ್ಪತ್ತೇಳು. ಸಂಡೂರಿನ ಯಶವಂತನಗರದ ಹತ್ತಿರ ಒಂದು ಅದಿರಿನ ಗಣಿಯಲ್ಲಿ ಟೈಂಕೀಪರ್ ಆಗಿದ್ದೆ. ನನ್ನೂರು ಹೊಸಪೇಟೆ ಪಕ್ಕದ ಮಲಪನಗುಡಿ. ನನ್ನ ಜೊತೆ ಓದಿದವರು ಕಾಲುವೆ ನೀರಿನಲ್ಲಿ ಕಬ್ಬು ಬೆಳೆದು ಮೋಟಾರ್ ಸೈಕಲ್ ಮೇಲೆ ತಿರುಗುತ್ತಿದ್ದರು. ನಮ್ಮ ನಾಲ್ವರು ಅಣ್ಣತಮ್ಮಂದಿರಲ್ಲಿ ಹೊಲ ಹಂಚಿಕೆಯಾದಾಗ ನನ್ನ ಪಾಲಿಗೆ ಬಂದದ್ದು ನೀರು ಹತ್ತದ ದಿಬ್ಬ. ಹಾಗಾಗಿ ನಾನು ಕೆಂಪು ಧೂಳಿಗೆ ಬಿದ್ದೆ.

ಹಾಜರಿ ಬರೆಯುವುದರ ಜೊತೆಗೆ ನನಗೆ ಇನ್ನೊಂದು ಕೆಲಸವಿತ್ತು. ಬಂಡೆಗೆ ಮದ್ದು ಹಾರಿಸುವ ಮುಂಚೆ ಕೆಂಪು ಬಾವುಟ ಎತ್ತಿ ಎಲ್ಲರನ್ನೂ ದೂರ ಕಳಿಸುವುದು, ಹಾರಿಸಿದ ಮೇಲೆ ಬಾವುಟ ಇಳಿಸಿ ಒಂದು ಉದ್ದನೆಯ ಸೀಟಿ ಊದುವುದು. ಆ ಸೀಟಿ ಕೇಳಿದರೆ ಮಾತ್ರ ಜನ ಮರೆಯಿಂದ ಹೊರಬರುತ್ತಿದ್ದರು. ಎಷ್ಟು ತೂತಿಗೆ ಮದ್ದು ತುಂಬಿದ್ದಾರೋ ಅಷ್ಟು ಸದ್ದು ಕೇಳಬೇಕು. ಒಂದು ಕಡಿಮೆಯಾದರೂ ಎಲ್ಲೋ ಒಂದು ತೂತಿನಲ್ಲಿ ಮದ್ದು ಸಿಡಿಯದೆ ಉಳಿದಿದೆ ಎಂದು ಅರ್ಥ. ಧೂಳಿನಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲವಾದ್ದರಿಂದ ನಾನು ಬಂಡೆಯ ಮರೆಯಲ್ಲಿ ಕಣ್ಣು ಮುಚ್ಚಿಕೊಂಡು ಕಿವಿಯಿಂದಲೇ ಎಣಿಸುತ್ತಿದ್ದೆ. ಐದು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಅದರ ಜಂಬವೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅದಿರು ಹೊರುವ ಹೆಂಗಸರ ಮುಂದಾಳು ಬಂಡ್ರಿಯ ಹನುಮಕ್ಕ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಾದರೂ ನನ್ನನ್ನು "ಭದ್ರಣ್ಣ" ಎನ್ನುತ್ತಿದ್ದಳು. "ಭದ್ರಣ್ಣ ಸೀಟಿ ಊದಿದ ಅಂದ್ರ ಮುಗೀತು, ಕಣ್ಣು ಮುಚ್ಕೊಂಡು ನಡೀರಿ" ಎಂದು ಹೊಸ ಹೆಂಗಸರಿಗೆ ಹೇಳುತ್ತಿದ್ದಳು. ನನ್ನ ಸೀಟಿಗಿದ್ದ ಮರ್ಯಾದೆ ಮನೆಯಲ್ಲಿ ನನಗಿರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ನಮ್ಮ ಗುಡ್ಡದ ಮಣ್ಣುರಸ್ತೆಯ ಮೇಲೆ ಕಾರು ರ‍್ಯಾಲಿ ಬರುತ್ತದೆ ಎಂದು ಸುದ್ದಿಯಾಯಿತು. ಬಂಡ್ರಿ ಕಡೆಯಿಂದ ಒಂದೊಂದೇ ಕಾರನ್ನು ಮೂರು ಮೂರು ನಿಮಿಷಕ್ಕೆ ಬಿಡುತ್ತಾರೆ, ಗುಡ್ಡ ಹತ್ತಿಳಿದು ಯಾರು ಕಡಿಮೆ ಹೊತ್ತಿನಲ್ಲಿ ಬರುತ್ತಾರೋ ಅವರೇ ಗೆದ್ದಂತೆ. ರಸ್ತೆ ಗಣಿಯ ನಡುವೆಯೇ ಹಾದು ಹೋಗುತ್ತಿತ್ತು. ನಮ್ಮ ತಿರುವಿನಲ್ಲಿ ಜನರನ್ನು ತಡೆಯಲು ಒಬ್ಬ ಮನುಷ್ಯ ಬೇಕಾಗಿತ್ತು. ಮ್ಯಾನೇಜರ್ ಸಾಹೇಬರು ನನ್ನ ಹೆಸರು ಹೇಳಿದರು.

ಹಿಂದಿನ ದಿನ ಸಂಜೆ ಒಬ್ಬ ಡ್ರೈವರ್ ರಸ್ತೆ ನೋಡಲು ನಡೆದುಕೊಂಡೇ ಬಂದಿದ್ದ. ಹೆಸರು ಪ್ರಭಾಕರ, ಹುಬ್ಬಳ್ಳಿಯಲ್ಲಿ ಸ್ವಂತ ಗ್ಯಾರೇಜು, ವಯಸ್ಸು ನಲವತ್ತರ ಮೇಲೆ. ಉಳಿದವರಂತೆ ಟೋಪಿ, ಕಪ್ಪು ಕನ್ನಡಕ ಯಾವುದೂ ಇರಲಿಲ್ಲ. ಉಗುರಿನ ಸಂದಿಯಲ್ಲಿ ಗ್ರೀಸು ಕೂತಿತ್ತು. ನಮ್ಮ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ತನ್ನ ಹಳೆಯ ಫಿಯಟ್ ಕಾರಿನ ಬಗ್ಗೆ ಮಾತಿಗೆ ಶುರುವಿಟ್ಟ.

"ನನ್ನ ಗಾಡಿ ಕುಲ ಇಟಲಿದು, ಹುಟ್ಟಿದ್ದು ಮುಂಬೈದಾಗ, ಸಾಯೂದು ನನ್ನ ಗ್ಯಾರೇಜಿನ್ಯಾಗ" ಎಂದು ನಕ್ಕ.

ಆಮೇಲೆ ನಗು ಬಿಟ್ಟು ಒಂದು ಸಂಗತಿ ಹೇಳಿದ. "ಇಟಲಿಯೊಳಗ ಮೊದಲ ಒಂದು ರೇಸ್ ಇತ್ತರಿ. ಸಾವಿರ ಮೈಲಿ. ಬ್ಯಾರೆ ಮೈದಾನ ಇಲ್ಲ, ಏನಿಲ್ಲ, ನಮ್ಮ ನಿಮ್ಮಂಗ ಊರು ನಡುವಿನ ರಸ್ತೇನ. ದೊಡ್ಡ ದೊಡ್ಡ ರೇಸ್ ಕಾರಿನ ಜೊತಿ ನನ್ನ ಕಾರಿನಂಥಾ ಸಣ್ಣ ಫಿಯಟ್ಟೂ ಓಡ್ತಿದ್ದವು. ಜನ ಎರಡೂ ಕಡೆ ನಿಂತು ನೋಡವರು. ಒಂದು ವರ್ಷ ಒಂದು ಕಾರಿನ ಟೈರ್ ಒಡದು ಸೀದಾ ಜನರ ಮ್ಯಾಲ ಹೋತು. ಸಣ್ಣ ಸಣ್ಣ ಹುಡುಗರು ಸತ್ರು. ಅಲ್ಲಿಗೆ ಅಲ್ಲಿ ಸರ್ಕಾರ ಆ ಓಟಾನ ಬಂದ್ ಮಾಡ್ತು. ನಾನು ಹಳೇ ಪತ್ರಿಕೆಯೊಳಗ ಅದರ ಫೋಟೋ ನೋಡೇನಿ. ಇವತ್ತಿಗೂ ಮರ್ತಿಲ್ಲ."

ಚಹಾದ ಲೋಟ ಕೆಳಗಿಟ್ಟು, ಎದ್ದು ನನ್ನ ಕೈ ಹಿಡಿದುಕೊಂಡ. "ತಿರುವಿನ್ಯಾಗ ನಮಗೇನೂ ಕಾಣೂದಿಲ್ಲರಿ. ರಸ್ತೆ ಖಾಲಿ ಐತಿ ಅಂತ ನಂಬಿ ಬರ್ತೀವಿ. ನಾಳೆ ನಮ್ಮ ಕಣ್ಣು ನೀವ."

ಮರುದಿನ ಬೆಳಿಗ್ಗೆ ರ‍್ಯಾಲಿಯವರು ಬಂದು ನನಗೆ ಕಾರುಗಳ ನಂಬರಿದ್ದ ಒಂದು ಪಟ್ಟಿ ಕೊಟ್ಟರು. ಒಟ್ಟು ಹದಿನಾಲ್ಕು ಕಾರು. ಒಂದೊಂದು ದಾಟಿದಾಗಲೂ ಅದರ ನಂಬರಿನ ಮುಂದೆ ಗುರುತು ಹಾಕಬೇಕು, ಹದಿನಾಲ್ಕಕ್ಕೂ ಗುರುತು ಬಿದ್ದ ಮೇಲೆ ದಾರಿ ಬಿಡಬೇಕು. "ನಡುವೆ ನಮ್ಮ ಜೀಪು ಒಂದು ಸಲ ಓಡಾಡುತ್ತೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ" ಎಂದೂ ಹೇಳಿದರು. ನಾನು ತಲೆಯಾಡಿಸಿದೆ. ಗುಡ್ಡ ಸಿಡಿಯುವುದನ್ನೇ ಎಣಿಸುವ ನನಗೆ ಕಾರು ಎಣಿಸಲು ಪಟ್ಟಿ ಬೇಕೇ ಎಂದುಕೊಂಡೆ.

ನಾನು ಕೆಂಪು ಬಾವುಟ ಎತ್ತಿ ಜನರನ್ನು ತಡೆದು ನಿಲ್ಲಿಸಿದೆ. ಬಿಸಿಲೇರಿದ ಮೇಲೆ ಕಾರುಗಳು ಬರತೊಡಗಿದವು. ಮೊದಲ ಎರಡಕ್ಕೆ ಗುರುತು ಹಾಕಿದೆ. ಮೂರನೆಯದು ದಾಟುವಷ್ಟರಲ್ಲಿ ಕಣ್ಣು, ಬಾಯಿ, ಮೂಗಿನ ತುಂಬ ಧೂಳು. ನಂಬರು ಹಾಗಿರಲಿ, ಕಾರಿನ ಬಣ್ಣವೂ ತಿಳಿಯುತ್ತಿರಲಿಲ್ಲ. ಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿದೆ. ರಸ್ತೆಯಿಂದ ಸ್ವಲ್ಪ ಹಿಂದೆ ಸರಿದು, ಕಣ್ಣು ಮುಚ್ಚಿ, ನನ್ನ ರೂಢಿಯಂತೆ ಕಿವಿಯಿಂದ ಎಣಿಸಲು ನಿಂತೆ.

ಹನುಮಕ್ಕ ಮತ್ತು ಆರು ಹೆಂಗಸರು ಬುಟ್ಟಿ ಕೆಳಗಿಟ್ಟು ನನ್ನ ಬೆನ್ನ ಹಿಂದೆ ಕಾಯುತ್ತಿದ್ದರು. ಅವರ ಊಟದ ಗಂಟು, ನೀರಿನ ಕೊಡ, ಮರಕ್ಕೆ ಕಟ್ಟಿದ ಕೂಸಿನ ಜೋಳಿಗೆ ಎಲ್ಲ ರಸ್ತೆಯ ಆಚೆ ಕಡೆ ಇದ್ದವು. ಒಂದು ಕೂಸು ಅಳಲು ಶುರುಮಾಡಿ ನಿಲ್ಲಿಸಲೇ ಇಲ್ಲ. ಅದರ ತಾಯಿ, ಇನ್ನೂ ಸಣ್ಣ ಹುಡುಗಿ, ಕುಪ್ಪಸವೆಲ್ಲ ಒದ್ದೆ ಮಾಡಿಕೊಂಡು ಚಡಪಡಿಸುತ್ತಿದ್ದಳು.

"ಭದ್ರಣ್ಣ, ಇನ್ನಾ ಎಷ್ಟು ಅದಾವ?" ಎಂದಳು ಹನುಮಕ್ಕ.

"ಎರಡು ಅದಾವ, ತಡಿ ಹನುಮಕ್ಕ."

ಒಂದು ಹೋಯಿತು. ಮತ್ತೊಂದು ಹೋಯಿತು. ಹದಿನಾಲ್ಕು. ಕಣ್ಣು ತೆರೆದು ಬಾವುಟ ಇಳಿಸಿದೆ, ಸೀಟಿ ಊದಿದೆ. ಒಂದೇ ಉದ್ದನೆಯ ಸೀಟಿ. ಹೆಂಗಸರು ಬುಟ್ಟಿ ಎತ್ತಿಕೊಂಡು, ಆ ಕಡೆ ಈ ಕಡೆ ಒಮ್ಮೆಯೂ ನೋಡದೆ ರಸ್ತೆಗಿಳಿದರು. ನನ್ನ ಸೀಟಿ ಕೇಳಿದ ಮೇಲೆ ನೋಡುವ ಅಭ್ಯಾಸವೇ ಅವರಿಗಿರಲಿಲ್ಲ.

ಆಗ ಕಾರಿನ ಸದ್ದು ಕೇಳಿತು. ಕೊನೆಯ ಕಾರು ಹೋದ ಕಡೆಯಿಂದಲ್ಲ, ಅವು ಬಂದ ಕಡೆಯಿಂದ. ಧೂಳಿನಲ್ಲಿ ರ‍್ಯಾಲಿಯವರ ಜೀಪು ಯಾವಾಗಲೋ ನನ್ನ ಮುಂದೆ ದಾಟಿತ್ತು, ಅದನ್ನೂ ನಾನು ಕಾರೆಂದು ಎಣಿಸಿದ್ದೆ. ಟೈರು ಪಂಕ್ಚರ್ ಆಗಿ ಹಿಂದೆ ಬಿದ್ದಿದ್ದ ಪ್ರಭಾಕರ ಚಕ್ರ ಬದಲಿಸಿ, ಹೋದ ಹೊತ್ತನ್ನು ಹಿಡಿಯಲು ಜೋರಾಗಿ ಬರುತ್ತಿದ್ದ.

ಫಿಯಟ್ ತಿರುವಿನಲ್ಲಿ ಕಾಣಿಸಿದಾಗ ಹೆಂಗಸರು ರಸ್ತೆಯ ನಟ್ಟ ನಡುವೆ ಇದ್ದರು. ನಾನು ಕೂಗಿದೆನೋ ಇಲ್ಲವೋ ಈಗಲೂ ಗೊತ್ತಿಲ್ಲ. ಬ್ರೇಕು ಹಾಕಿ ನಿಲ್ಲುವಷ್ಟು ಜಾಗವಿರಲಿಲ್ಲ. ಅವರಿಗಿಂತ ಮುಂಚೆ, ತಿರುವಿನಲ್ಲೇ, ಎಡಕ್ಕೆ ಆಳವಾದ ಹಳ್ಳ, ಬಲಕ್ಕೆ ಅದಿರಿನ ರಾಶಿ. ಕಾರು ತಟ್ಟನೆ ಬಲಕ್ಕೆ ಹೊರಳಿತು. ಜಾರಿದ್ದಲ್ಲ ಅದು, ಹೊರಳಿಸಿದ್ದು. ಅದಿರಿನ ರಾಶಿಗೆ ಬಡಿದು, ಅರ್ಧ ಮೇಲೇರಿ, ಮಗುಚಿತು. ಗಾತ್ರ ಗಾತ್ರದ ಕಲ್ಲುಗಳು ಅದರ ಮೇಲೆ ಉರುಳಿದವು. ಒಬ್ಬ ಹೆಂಗಸಿಗೂ ಒಂದು ಗೀರು ಬೀಳಲಿಲ್ಲ.

ಮೊದಲು ಓಡಿದವಳು ಹನುಮಕ್ಕ. ಬರಿಗೈಯಲ್ಲಿ ಕಲ್ಲು ಎತ್ತಿ ಎತ್ತಿ ಒಗೆದಳು. ಉಳಿದ ಹೆಂಗಸರೂ ಕೈ ಹಾಕಿದರು. ಪ್ರಭಾಕರನ ಪಕ್ಕದಲ್ಲಿ ದಾರಿ ಹೇಳಲು ಕೂತಿದ್ದ ಅವನ ಸೋದರಳಿಯ ಕೈ ಮುರಿದುಕೊಂಡು ಹೊರಬಂದ. ಪ್ರಭಾಕರನ ಬಲಗಾಲು ಮೊಣಕಾಲಿನ ಕೆಳಗೆ ಕಾಲಿನ ಹಾಗೆ ಇರಲಿಲ್ಲ. ಹನುಮಕ್ಕ ತನ್ನ ಸೀರೆಯ ಸೆರಗು ಹರಿದು ಕಟ್ಟಿದಳು. ಕಂಪನಿಯ ಬಸ್ಸಿನಲ್ಲಿ ಅವನನ್ನು ಮಲಗಿಸಿ ಹೊಸಪೇಟೆಯ ಆಸ್ಪತ್ರೆಗೆ ಒಯ್ದರು. ನಾನು ಬಾವುಟ ಹಿಡಿದುಕೊಂಡು ನಿಂತ ಜಾಗದಲ್ಲೇ ನಿಂತಿದ್ದೆ.

ಮರುದಿನ ಆಫೀಸಿನಲ್ಲಿ ವಿಚಾರಣೆ ಎಂದು ಹೇಳಿಕಳಿಸಿದರು. ಹೋಗುವ ಮುಂಚೆ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಜೇಬಿನಲ್ಲಿದ್ದ ಪಟ್ಟಿಯನ್ನು ಬಿಡಿಸಿ, ಪ್ರಭಾಕರನ ಕಾರಿನ ನಂಬರೊಂದನ್ನು ಬಿಟ್ಟು, ಗುರುತು ಬೀಳದೆ ಉಳಿದಿದ್ದ ಹನ್ನೊಂದಕ್ಕೂ ಗುರುತು ಹಾಕಿದೆ. ಎಲ್ಲ ಒಟ್ಟಿಗೆ ಹಾಕಿದ್ದು ತಿಳಿಯಬಾರದೆಂದು ಒಂದೊಂದನ್ನು ನಿಧಾನವಾಗಿ ಎಳೆದೆ.

ಮ್ಯಾನೇಜರ್ ಸಾಹೇಬರು ಪಟ್ಟಿ ನೋಡಿದರು. "ಒಂದು ಕಾರು ಬರುವುದಿದೆ ಅಂತ ನಿಮಗೆ ಗೊತ್ತಿತ್ತು ಅಂತಾಯಿತು. ಸೀಟಿ ಊದಿದ್ದು ಯಾರು?"

"ನಾನು ಊದಿಲ್ಲ ಸಾರ್. ನಾನು ತಡೆದರೂ ಕೇಳದೆ ಹೆಂಗಸರು ದಾಟಿಬಿಟ್ಟರು."

ಹನುಮಕ್ಕನನ್ನು ಒಳಗೆ ಕರೆಸಿದರು. ಅವಳ ಬೆರಳುಗಳಿಗೆಲ್ಲ ಬಟ್ಟೆ ಸುತ್ತಿತ್ತು. "ಸೀಟಿ ಕೇಳೇ ಇಳಿದ್ವಿರಿ. ಭದ್ರಣ್ಣ ಊದಿದ. ಕೇಳ್ರಿ ಬೇಕಾರ, ಇಲ್ಲೇ ಅದಾನ" ಎಂದು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಹೌದೆನ್ನುತ್ತೇನೆ ಎಂದು ಅವಳಿಗೆ ಅನುಮಾನವೇ ಇರಲಿಲ್ಲ. ನಾನು ನೆಲ ನೋಡಿದೆ. ಮ್ಯಾನೇಜರ್ ಸಾಹೇಬರು ಪಟ್ಟಿಯನ್ನು ಫೈಲಿಗೆ ಸೇರಿಸಿದರು. ಏಳು ಹೆಂಗಸರಿಗೂ ಹದಿನೈದು ದಿನ ಕೆಲಸವಿಲ್ಲ ಎಂದು ಆರ್ಡರ್ ಆಯಿತು.

ಮುಂದಿನ ಭಾನುವಾರ ಮೋಸಂಬಿ ಕಟ್ಟಿಸಿಕೊಂಡು ಆಸ್ಪತ್ರೆಗೆ ಹೋದೆ. ಪ್ರಭಾಕರನ ಕಾಲು ತೆಗೆದಿದ್ದರು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಅದನ್ನು ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

"ಬರ್ರಿ, ಕುಂದ್ರಿ. ಆ ಹೆಣ್ಮಕ್ಕಳು ಆರಾಮ ಅದಾರೇನ್ರಿ?"

"ಆರಾಮ ಅದಾರ."

"ಒಬ್ಬಾಕಿಗೂ ತಾಗಿಲ್ಲ ಹೌದಲ್ರಿ?"

"ಇಲ್ಲರಿ. ಒಬ್ಬಾಕಿಗೂ ತಾಗಿಲ್ಲ."

ಅವನು ಮೆಲ್ಲಗೆ ಹೇಳಿದ. "ನಾ ತಿರುವಿಗೆ ಬಂದಾಗ ನಿಮ್ಮ ಬಾವುಟ ಕೆಳಗಿತ್ತು. ನೋಡೇನಿ. ಯಾರಿಗೂ ಹೇಳಿಲ್ಲ. ಹಿಂದ ಬಿದ್ದಾವ ನಾನು, ಜೋರು ಓಡಿಸಿದಾವ ನಾನು, ಅಷ್ಟು ಬರೆದು ಕೊಟ್ಟೇನಿ. ನನ್ನ ಪಾಲಿಂದು ಮುಗೀತು. ನಿಮ್ಮ ಪಾಲಿಂದು ನಿಮ್ಮ ಕಡೆ ಐತಿ."

ನನಗೆ ಅಳು ತಡೆಯಲಾಗಲಿಲ್ಲ. ಪಟ್ಟಿಯ ವಿಷಯ, ಹೆಂಗಸರಿಗೆ ಕೆಲಸ ತಪ್ಪಿದ ವಿಷಯ ಎಲ್ಲ ಹೇಳಿಬಿಟ್ಟೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಹೋಗಿಬರ್ರಿ" ಎಂದಷ್ಟೇ ಹೇಳಿದ. ಅವನನ್ನು ನಾನು ಮತ್ತೆ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಸೀದಾ ಮ್ಯಾನೇಜರ್ ಸಾಹೇಬರ ಮುಂದೆ ನಿಂತು, ಸೀಟಿ ಊದಿದ್ದು ನಾನೇ, ಪಟ್ಟಿಯ ಗುರುತು ಸುಳ್ಳು ಎಂದು ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು. "ರಿಪೋರ್ಟು ಮೇಲಕ್ಕೆ ಹೋಗಿಯಾಯಿತು. ಈಗ ಹೀಗೆಂದರೆ ನಿಮ್ಮ ಜೊತೆ ನನ್ನ ನೌಕರಿಯೂ ಹೋಗುತ್ತದೆ. ಹದಿನೈದು ದಿನ ತಾನೇ, ಅರ್ಧ ಮುಗಿದೇ ಹೋಯಿತು. ಹೋಗಿ ಕೆಲಸ ನೋಡಿ" ಎಂದರು. ನಾನು ಹೊರಗೆ ಬಂದೆ. ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಒಳಗೊಳಗೇ ಸಮಾಧಾನವೂ ಆಯಿತು. ಹೇಳಿಯೂ ಆಯಿತು, ನೌಕರಿಯೂ ಉಳಿಯಿತು. ಬಂಡ್ರಿಗೆ ಹೋಗಿ ಹನುಮಕ್ಕನ ಎದುರು ಆ ಮಾತು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಹದಿನೈದು ದಿನ ಕಳೆದು ಅವರು ಕೆಲಸಕ್ಕೆ ಬಂದರು. ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಹಾಜರಿ ಹಾಕಿಸಿಕೊಂಡು ಸುಮ್ಮನೆ ಬುಟ್ಟಿ ಎತ್ತಿದರು. ಮಧ್ಯಾಹ್ನ ಬಂಡೆಗೆ ಮದ್ದು ಹಾರಿಸುವುದಿತ್ತು. ಒಂಬತ್ತು ತೂತು. ಒಂಬತ್ತು ಸದ್ದು ಎಣಿಸಿದೆ. ಬಾವುಟ ಇಳಿಸಿ ಸೀಟಿ ಊದಿದೆ.

ಯಾರೂ ಏಳಲಿಲ್ಲ.

ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಊದಿದೆ. ಮರೆಯಲ್ಲಿ ಕೂತಿದ್ದ ಅರವತ್ತು ಎಪ್ಪತ್ತು ಜನ, ಹೆಂಗಸರು ಗಂಡಸರು ಎಲ್ಲ, ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಹನುಮಕ್ಕ ಕೂತಲ್ಲಿಂದಲೇ ಹೇಳಿದಳು. ದನಿ ಜೋರಿರಲಿಲ್ಲ.

"ನೀವು ಮುಂದ ನಡೀರಿ ಸಾರ್. ನಿಮ್ಮ ಹಿಂದ ನಾವು ಬರ್ತೀವಿ."

ಒಂಬತ್ತು ಸದ್ದು ಕೇಳಿದ್ದೆ ಎಂದು ನನಗೆ ಗೊತ್ತಿತ್ತು. ಆದರೂ ಆ ಬಂಡೆಯ ಕಡೆ ನಡೆಯುವಾಗ ಎಂಟೋ ಒಂಬತ್ತೋ ಎಂದು ಅನುಮಾನ ಹತ್ತಿತು. ಐದು ವರ್ಷ ಅವರು ನನ್ನ ಒಂದು ಉಸಿರನ್ನು ನಂಬಿ ಪ್ರತಿದಿನ ನಡೆದ ದಾರಿ ಅದು. ಎಷ್ಟು ದೊಡ್ಡದನ್ನು ಕಳೆದುಕೊಂಡೆ ಎಂದು ಆಗ ಗೊತ್ತಾಯಿತು. ನಾನು ಬಂಡೆ ಮುಟ್ಟಿ ತಿರುಗಿ ನಿಂತ ಮೇಲೆ ಅವರು ಎದ್ದರು.

ಆ ಗಣಿಯಲ್ಲಿ ನಾನು ಇನ್ನೂ ಹದಿನಾರು ವರ್ಷ ಕೆಲಸ ಮಾಡಿದೆ. ಪ್ರತಿ ಸಲವೂ ಸೀಟಿ ಊದಿ ನಾನೇ ಮೊದಲು ನಡೆದೆ. ಹೊಸದಾಗಿ ಸೇರಿದವರು ಅದೇ ಅಲ್ಲಿಯ ಕಾನೂನು ಎಂದು ತಿಳಿದಿದ್ದರು. ಕೆಲವರು ನನ್ನನ್ನು ಭಾಳ ಧೈರ್ಯದ ಮನುಷ್ಯ ಎಂದು ಹೊಗಳುತ್ತಲೂ ಇದ್ದರು. ಹನುಮಕ್ಕ ಆ ಮಾತು ಕೇಳಿದರೂ ಅವರಿಗೆ ಏನೂ ಹೇಳಲಿಲ್ಲ. ವಯಸ್ಸಾಗಿ ಕೆಲಸ ಬಿಟ್ಟ ದಿನ ನನ್ನ ಮೇಜಿನ ಮುಂದೆ ಬಂದು ಕೊನೆಯ ಹಾಜರಿಗೆ ಹೆಬ್ಬೆಟ್ಟು ಒತ್ತಿದಳು. ಇವತ್ತಾದರೂ ಭದ್ರಣ್ಣ ಎನ್ನುತ್ತಾಳೆಂದು ನಾನು ಕಾದೆ.

"ಬರ್ತೀನ್ರಿ ಸಾರ್" ಎಂದು ಹೇಳಿ ಹೋದಳು.