ಮೇಮಸಾಬಳ ಒಡಪು

ಇಂದು ಬೆಳಿಗ್ಗೆ ಮೊಸರು ಕಡೆದೆ, ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ, ಒಲೆ ಸಾರಿಸಿದೆ. ಆಮೇಲೆ ಬಾಜೂ ಮನೆಯ ಕಾಕಾನ ಕೋಟನ್ನು ಬಿಸಿಲಿಗೆ ಹಾಕಿದೆ. ತೋಳಿನ ತುಂಬ ಸುಟ್ಟ ತೂತುಗಳು, ಸಿನೆಮಾ ಮಷೀನಿನೊಳಗೆ ಉರಿಯುವ ಕಾರ್ಬನ್ ಕಡ್ಡಿಯ ಕಿಡಿ ಹಾರಿ ಆದವು. ಅವರ ಬಲಗೈ ಹೆಬ್ಬೆರಳೂ ಹಾಗೆಯೇ, ಉಗುರಿಲ್ಲದೆ ಕಪ್ಪಾಗಿತ್ತು. ಕಾಕಾ ತೀರಿಕೊಂಡು ವಾರವಾಯಿತು.

ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತುವ ತಂಬು ಟಾಕೀಸಿನಲ್ಲಿ ಅವರು ಮಷೀನು ನಡೆಸುತ್ತಿದ್ದರು. ಸಿನೆಮಾಕ್ಕೆ ಮಾತು ಬಂದ ಹೊಸತರಲ್ಲಿ ವಿಲಾಯತಿಯಲ್ಲಿ ತೆಗೆದ ಒಂದು ನಗೆಚಿತ್ರ ಅವರ ಬಳಿ ಇತ್ತು. ಮದುವೆಯ ದಿನ ವರ ಓಡಿಹೋಗುತ್ತಾನೆ, ವಧು ಹಿಡಿದು ತರುತ್ತಾಳೆ. ಇಂಗ್ಲಿಷು ಯಾರಿಗೂ ತಿಳಿಯದು. ಕಾಕಾ ಸದ್ದು ತಗ್ಗಿಸಿ, ತಗಡಿನ ಭೋಂಗಾ ಬಾಯಿಗೆ ಹಿಡಿದು ವರನ ಮಾತನ್ನು ನಮ್ಮ ಮಾತಿನಲ್ಲಿ ಹೇಳುವರು. ನಡುವಿನ ತಟ್ಟಿಯ ಆಚೆ, ಹೆಂಗಸರ ನಡುವೆ ಕೂತು ಅವರ ಹೆಂಡತಿ ಕಾಕೂ ವಧುವಿನ ಮಾತು ಹೇಳುವಳು.

"ಓಡ್ರಿ, ಓಡ್ರಿ. ಹಸಿವಾದ್ರ ನನ್ನ ಕಡೇನ ಬರ್ತೀರಿ."

ಉಂಗುರ ತೊಡಿಸುವಾಗ ಆ ವಧು ಮೇಮಸಾಬಳಿಂದ ಒಡಪು ಹಾಕಿಸುವಳು. ಗಂಡನ ಹೆಸರನ್ನು ಹೆಂಡತಿ ಒಡಪಿನ ಪ್ರಾಸದಲ್ಲಲ್ಲದೆ ಬೇರೆಲ್ಲೂ ಎತ್ತುತ್ತಿರಲಿಲ್ಲ. "ಗೋಕಾಕದ ಕರದಂಟ ಹಲ್ಲಿಗಿ ಅಂಟತೈತಿ, ರಾಯರ ಹೆಸರ ಹೇಳಂದ್ರ ನಾಲಿಗಿ ಗಂಟಾಗತೈತಿ" ಎಂದು, ಕೊನೆಗೆ ಕಾಕಾನದೇ ಹೆಸರು ಹೇಳಿಬಿಡುವಳು. ತಂಬಿನ ತುಂಬ ನಗು.

"ಈಗ ನೀವ ಹೇಳ್ರಿ, ಇಕಿ ಹೆಸರು" ಎಂದು ವಧುವಿನ ದನಿಯಲ್ಲೇ ಕೇಳುವಳು.

ವರನ ದನಿಯಲ್ಲಿ ಕಾಕಾ ಕೆಮ್ಮುವರು. "ಗಂಟಲಾ ಕಟ್ಟೈತಿ. ಮುಂದಿನ ಊರಾಗ ಹೇಳ್ತೇನಿ."

ಮನೆಗೆ ಬಂದಾಗ ಕಾಕೂ ನನ್ನ ಮುಂದೆ ಅನ್ನುವಳು: "ಮಂದಿ ನಗ್ತಾರ. ನನಗ ಖರೇನ ಬೇಕಾಗೇತಿ. ಒಂದ ಸಲ ಮಂದ್ಯಾಗ ನನ್ನ ಹೆಸರ ಹಿಡದು ಕರೀಲಿ." ಒಳಗಿಂದ ಕಾಕಾ, "ಏ, ಚಾ ಇಡು" ಎನ್ನುವರು. ಅವರ ಬಾಯಲ್ಲಿ ಅವಳ ಹೆಸರು ಆ "ಏ" ಅಷ್ಟೇ.

ತಂಬು ಮೂಡಲಗಿಯಲ್ಲಿದ್ದಾಗ ಕಾಕೂಗೆ ಜ್ವರ ಬಂತು. ಮುಂದಿನ ಊರನ್ನು ಅವಳು ನೋಡಲಿಲ್ಲ.

ಹುಕ್ಕೇರಿಯಲ್ಲಿ ಅದೇ ಚಿತ್ರ ಹಾಕಿದರು. ನಾನೂ ಹೋಗಿದ್ದೆ. ಕಾಕೂ ಯಾವಾಗಲೂ ಕೂರುತ್ತಿದ್ದ ಚಾಪೆಯ ಮೇಲೆ ಯಾರೂ ಕೂರಲಿಲ್ಲ. ಉಂಗುರದ ಹೊತ್ತಿಗೆ ಕಾಕಾನ ಕೈ ರೂಢಿಯಂತೆ ಸದ್ದು ತಗ್ಗಿಸಿತು. ಮೇಮಸಾಬಳ ತುಟಿಗಳು ಆಡಿದವು, ಮಾತಿಲ್ಲ.

"ಯಾಕ್ರಿ, ನಿಮ್ಮ ಮೇಮಸಾಬ ಮುನಿಸ್ಕೊಂಡಾಳೇನ?" ಗಂಡಸರ ಕಡೆಯಿಂದ ಒಬ್ಬ ಕೇಳಿದ.

ಆಗ ಭೋಂಗಾದಿಂದ ಕಾಕೂನ ಹೆಸರು ಬಂತು. ಒಡಪಿಲ್ಲ, ಪ್ರಾಸವಿಲ್ಲ, ಬರೀ ಹೆಸರು. ಹೆಂಗಸರೆಲ್ಲ ಖಾಲಿ ಚಾಪೆಯ ಕಡೆ ತಿರುಗಿದರು. ನನ್ನ ಬಾಜೂ ಯಾರೋ "ಹೂಂ" ಅಂದಂತಾಯಿತು.

ಅಂದಿನಿಂದ ಪ್ರತಿ ಊರಿನಲ್ಲೂ ಉಂಗುರದ ಹೊತ್ತಿಗೆ ಹೆಸರು ಹೇಳಿ, ಕಿವಿಗೊಟ್ಟು ನಿಲ್ಲುತ್ತಿದ್ದರಂತೆ. ಹಾಸಿಗೆ ಹಿಡಿದ ಮೇಲೂ ಗೋಡೆಯ ಕಡೆ ಮುಖ ಮಾಡಿ ಹೆಸರು ಹೇಳಿ ಕಾಯುವರು. ಗಂಜಿ ಒಯ್ದ ನನಗೆ ಒಮ್ಮೆ ಅಂದರು: "ಈಗ ಕೆಮ್ಮು ಖರೇನ ಬಂದೈತಿ ನೋಡ, ತಂಗಿ. ಆದ್ರೂ ಹೇಳಾಕ ಬರತೈತಿ."

ಆ ಮಾತನ್ನು ಅಂದೇ ನಮ್ಮವರಿಗೆ ಹೇಳಿದ್ದೆ. ಅವರೂ ನನ್ನನ್ನು "ಏ" ಎಂದೇ ಕರೆಯುವವರು.

ಇಂದು ರಾತ್ರಿ ರೊಟ್ಟಿ, ಝುಣಕ, ಬೆಳಗಿನ ಮಜ್ಜಿಗೆ. ನಮ್ಮವರು ನನ್ನ ಹೆಸರು ಹಿಡಿದು ಇನ್ನೊಂದು ರೊಟ್ಟಿ ಕೇಳಿದರು. "ಹೂಂ" ಅಂದೆ. ಅವರೇ ಮೊದಲು ಮಲಗಿದರು.